ಪಿತ್ತಕೋಶ ಶಸ್ತ್ರಚಿಕಿತ್ಸೆಯ ನಂತರದ ಆಹಾರ ಕ್ರಮ ಮತ್ತು ಆರೋಗ್ಯ ಪಾಲನೆ

ಪಿತ್ತಕೋಶವು ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಪಿತ್ತರಸವನ್ನು ಸಂಗ್ರಹಿಸುವ ಚಿಕ್ಕ ಚೀಲವಾಗಿರುತ್ತದೆ. ಕಲ್ಲುಗಳ ಕಾರಣದಿಂದ ಇದನ್ನು ತೆಗೆದುಹಾಕಿದ ನಂತರವೂ ಪಿತ್ತರಸವು ಉತ್ಪತ್ತಿಯಾಗಿ ನೇರವಾಗಿ ಸಣ್ಣ ಕರುಳನ್ನು ಸೇರುತ್ತದೆ. ಆದುದರಿಂದ ಸಾಮಾನ್ಯವಾಗಿ ಜೀವನಪರ್ಯಂತ ಪಥ್ಯದ ಅಗತ್ಯವಿರುವುದಿಲ್ಲ. ಆದರೆ ಆರಂಭದಲ್ಲಿ ಜಿಡ್ಡಿನ ಪದಾರ್ಥ ಹೆಚ್ಚಾದಲ್ಲಿ ಹೊಟ್ಟೆಯುಬ್ಬರ, ಭೇದಿ ಉಂಟಾಗಬಹುದು.

ಪಾಲಿಸಬೇಕಾದ ಕ್ರಮಗಳು:

1. ಮೊದಲ ಕೆಲವು ವಾರ ಕರಿದ ತಿಂಡಿ, ತುಪ್ಪ, ಕೊಬ್ಬಿನ ಮಾಂಸವನ್ನು ಮಿತಗೊಳಿಸುವುದು. ತುಮಕೂರು ನಗರ, ಗುಬ್ಬಿ, ಕುಣಿಗಲ್ ಭಾಗದ ಅಡುಗೆಯಲ್ಲಿ ತೆಂಗಿನ ಬಳಕೆ ಹೆಚ್ಚು. ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಜಿಡ್ಡೇ ಇರುವುದರಿಂದ ಸಾರಿಗೆ ಕಾಯಿಯನ್ನು ಕಡಿಮೆ ಹಾಕುವುದು.
2. ದಿನಕ್ಕೆ 5-6 ಬಾರಿ ಸ್ವಲ್ಪ ಸ್ವಲ್ಪವಾಗಿ ಆಹಾರ ಸೇವಿಸುವುದು.
3. ಮೆತ್ತನೆಯ ಅನ್ನ, ತಿಳಿಸಾರು, ನೀರು ಮಜ್ಜಿಗೆಯಿಂದ ಆರಂಭಿಸಿ, ಮುದ್ದೆ, ಸೊಪ್ಪು, ಕಾಳುಗಳನ್ನು ಹಂತಹಂತವಾಗಿ ಸೇರಿಸುವುದು.

ವಿಶೇಷ ಎಚ್ಚರಿಕೆ: ಕಣ್ಣು ಹಳದಿಯಾಗುವುದು, ಮೂತ್ರದ ಬಣ್ಣ ಗಾಢವಾಗುವುದು, ಚಳಿಜ್ವರ ಅಥವಾ ತೀವ್ರ ಹೊಟ್ಟೆನೋವು ಕಂಡುಬಂದಲ್ಲಿ ಪಿತ್ತನಾಳದಲ್ಲಿ ಕಲ್ಲು ಉಳಿದಿರುವ ಅಥವಾ ನಾಳಕ್ಕೆ ಧಕ್ಕೆಯಾಗಿರುವ ಸಾಧ್ಯತೆ ಇರುತ್ತದೆ. ಇದನ್ನು ಸಾಮಾನ್ಯ ಕಾಮಾಲೆಯೆಂದು ಭಾವಿಸಿ ನಾಟಿ ಔಷಧಿಯಲ್ಲಿ ಕಾಲಹರಣ ಮಾಡಬಾರದು. ಶಸ್ತ್ರಚಿಕಿತ್ಸೆಯ ದಾಖಲೆಗಳೊಂದಿಗೆ ಕೂಡಲೇ ತಾಲ್ಲೂಕು ಆಸ್ಪತ್ರೆ ಅಥವಾ ತುಮಕೂರು ಜಿಲ್ಲಾ ಆಸ್ಪತ್ರೆಗೆ ತೆರಳತಕ್ಕದ್ದು. ತುರ್ತು ಸಂದರ್ಭದಲ್ಲಿ 108ಕ್ಕೆ ಕರೆ ಮಾಡುವುದು.