ನೆಸ್ಟೆಡ್ ಸ್ಕ್ರೋಲಿಂಗ್‌ನಲ್ಲಿ ಸ್ಪರ್ಶ ನಿರ್ವಹಣೆ

ನೆಸ್ಟೆಡ್ ಸ್ಕ್ರೋಲಿಂಗ್ ಎಂಬುದು ಸ್ಪರ್ಶಪರದೆಯ ಅಪ್ಲಿಕೇಶನ್‌ಗಳಲ್ಲಿ ಸ್ಕ್ರೋಲ್ ಆಗಬಲ್ಲ ಒಂದು ವ್ಯೂ ಒಳಗೆ ಸ್ಕ್ರೋಲ್ ಆಗಬಲ್ಲ ಮತ್ತೊಂದು ವ್ಯೂ ಇರುವ ವಿನ್ಯಾಸವಾಗಿದೆ. ಸುದ್ದಿಗಳ ಲಂಬ ಪಟ್ಟಿಯ ನಡುವೆ ಅಡ್ಡಲಾಗಿ ಸರಿಯುವ ಚಿತ್ರಗಳ ಸಾಲು, ಅರ್ಜಿ ನಮೂನೆಯ ಮಧ್ಯೆ ಕೂರಿಸಿದ ನಕ್ಷೆ, ಉದ್ದನೆಯ ಪುಟದೊಳಗಿನ ನಿಯಮಾವಳಿಯ ಪೆಟ್ಟಿಗೆ ಮುಂತಾದವು ಇದಕ್ಕೆ ಉದಾಹರಣೆಗಳು. ಬೆರಳು ಒಂದೇ ಆಗಿದ್ದು ಅದರ ಚಲನೆಗೆ ಹಕ್ಕುದಾರರು ಇಬ್ಬರಾಗಿರುವುದರಿಂದ, ಯಾವ ವ್ಯೂ ಸರಿಯಬೇಕೆಂಬುದನ್ನು ತಂತ್ರಾಂಶವೇ ನಿರ್ಧರಿಸಬೇಕಾಗುತ್ತದೆ. ಈ ನಿರ್ಧಾರ ತಪ್ಪಿದರೆ ಬಳಕೆದಾರರು ಒಳಗಿನ ವ್ಯೂನಲ್ಲಿಯೇ ಸಿಕ್ಕಿಕೊಂಡು, ಪುಟದ ಕೆಳಗಿರುವ ಗುಂಡಿಯನ್ನು ತಲುಪಲಾಗದೆ ಹೋಗಬಹುದು.

ಸಮಸ್ಯೆಯ ಸ್ವರೂಪ

ಮೇಜಿನ ಗಣಕದಲ್ಲಿ ಸ್ಕ್ರೋಲ್ ಪಟ್ಟಿಗೂ ಮೌಸ್‌ನ ಚಕ್ರಕ್ಕೂ ಪ್ರತ್ಯೇಕ ಕೆಲಸವಿದೆ. ಸ್ಪರ್ಶಪರದೆಯಲ್ಲಿ ಒತ್ತುವುದು, ಒತ್ತಿ ಹಿಡಿಯುವುದು, ಎಳೆಯುವುದು ಎಲ್ಲವೂ ಅದೇ ಬೆರಳಿನ ಕೆಲಸ. ಬೆರಳು ಪರದೆಗೆ ತಗುಲಿದ ಕ್ಷಣದಲ್ಲಿ ಬಳಕೆದಾರರ ಉದ್ದೇಶ ವ್ಯವಸ್ಥೆಗೆ ತಿಳಿದಿರುವುದಿಲ್ಲ. ಅದು ಸ್ವಲ್ಪ ದೂರ ಚಲಿಸಿದ ಮೇಲಷ್ಟೇ ಸ್ಕ್ರೋಲ್ ಎಂದು ಗುರುತಿಸಲು ಸಾಧ್ಯ. ಈ ಕನಿಷ್ಠ ದೂರವನ್ನು ಟಚ್ ಸ್ಲಾಪ್ ಎನ್ನುತ್ತಾರೆ. ಆಂಡ್ರಾಯ್ಡ್‌ನ ಮೂಲ ಸಂಕೇತದಲ್ಲಿ ಇದರ ಪೂರ್ವನಿಗದಿತ ಬೆಲೆ 8 ಡಿಪಿ. ಅಂಗುಲಕ್ಕೆ 160 ಡಿಪಿ ಎಂಬ ಲೆಕ್ಕದಲ್ಲಿ ಸುಮಾರು 1.3 ಮಿಲಿಮೀಟರ್. ಇಷ್ಟು ಕಿರಿದಾದ ದೂರದೊಳಗೆ ಒಳ ವ್ಯೂ ಮತ್ತು ಹೊರ ವ್ಯೂಗಳ ನಡುವಿನ ತೀರ್ಮಾನ ಆಗಿಬಿಡುತ್ತದೆ.

ಎರಡು ವ್ಯೂಗಳು ಬೇರೆ ಬೇರೆ ದಿಕ್ಕಿನಲ್ಲಿ ಸರಿಯುವುದಾದರೆ ಪರಿಹಾರ ಸುಲಭ. ಅಡ್ಡ ಮತ್ತು ಲಂಬ ಚಲನೆಗಳಲ್ಲಿ ಯಾವುದು ಹೆಚ್ಚೋ ಆ ದಿಕ್ಕಿನ ವ್ಯೂಗೆ ಸ್ಪರ್ಶವನ್ನು ಕೊಟ್ಟರಾಯಿತು. ಆದರೂ ಒಂದೇ ಕೈಯಲ್ಲಿ ಫೋನ್ ಹಿಡಿದಾಗ ಹೆಬ್ಬೆರಳು ನೇರ ಗೆರೆಯಲ್ಲಿ ಚಲಿಸದೆ ಕಮಾನಿನಂತೆ ಚಲಿಸುವುದರಿಂದ, ಕೆಳಕ್ಕೆ ಸರಿಸಲು ಹೋದವರಿಗೆ ಚಿತ್ರದ ಸಾಲು ಪಕ್ಕಕ್ಕೆ ಜಾರುವುದುಂಟು. ಎರಡೂ ವ್ಯೂಗಳು ಒಂದೇ ದಿಕ್ಕಿನವಾದಾಗ ದಿಕ್ಕಿನ ಹೋಲಿಕೆಯಿಂದ ಪ್ರಯೋಜನವಿಲ್ಲ. ಮೊದಲು ಯಾವುದು ಸರಿಯಬೇಕು, ಅದು ತನ್ನ ಅಂಚನ್ನು ತಲುಪಿದ ಮೇಲೆ ಉಳಿದ ಚಲನೆ ಯಾರಿಗೆ ಸೇರಬೇಕು ಎಂಬ ಪ್ರಶ್ನೆಗಳು ಏಳುತ್ತವೆ.

ಆಂಡ್ರಾಯ್ಡ್‌ನಲ್ಲಿ ಸ್ಪರ್ಶದ ಹಾದಿ

ಆಂಡ್ರಾಯ್ಡ್‌ನಲ್ಲಿ ಪ್ರತಿ ಸ್ಪರ್ಶವೂ ಬೆರಳು ತಗುಲಿದ್ದನ್ನು ಸೂಚಿಸುವ ‘ಡೌನ್’ ಘಟನೆಯಿಂದ ಆರಂಭವಾಗಿ, ಹಲವು ‘ಮೂವ್’ ಘಟನೆಗಳ ಮೂಲಕ ಸಾಗಿ, ‘ಅಪ್’ ಅಥವಾ ‘ಕ್ಯಾನ್ಸಲ್’ ಘಟನೆಯಲ್ಲಿ ಮುಗಿಯುತ್ತದೆ. ಘಟನೆಯು ಹೊರಗಿನಿಂದ ಒಳಕ್ಕೆ ಇಳಿಯುತ್ತದೆ. ದಾರಿಯಲ್ಲಿರುವ ಪ್ರತಿ ಹೊರ ವ್ಯೂಗೂ ‘ಆನ್ ಇಂಟರ್‌ಸೆಪ್ಟ್ ಟಚ್ ಇವೆಂಟ್’ ಎಂಬ ವಿಧಾನದ ಮೂಲಕ ಅದನ್ನು ನಡುವೆಯೇ ತಡೆದುಕೊಳ್ಳುವ ಅವಕಾಶವಿದೆ. ಯಾರೂ ತಡೆಯದಿದ್ದರೆ ಬೆರಳಿನ ಕೆಳಗಿರುವ ಒಳ ವ್ಯೂಗೆ ಅದು ತಲುಪುತ್ತದೆ. ಒಳ ವ್ಯೂ ಡೌನ್ ಘಟನೆಯನ್ನು ಒಪ್ಪಿಕೊಂಡರೆ ಮುಂದಿನ ಘಟನೆಗಳೂ ಅದಕ್ಕೇ ಬರುತ್ತವೆ. ಒಪ್ಪದಿದ್ದರೆ ಘಟನೆಯು ಹೊರ ವ್ಯೂಗೆ ಹಿಂದಿರುಗುತ್ತದೆ ಮತ್ತು ಆ ಸ್ಪರ್ಶದ ಉಳಿದ ಭಾಗ ಒಳ ವ್ಯೂಗೆ ಸಿಗುವುದೇ ಇಲ್ಲ.

ಒಳ ವ್ಯೂ ಒಪ್ಪಿಕೊಂಡ ಮೇಲೂ ಹೊರ ವ್ಯೂ ಪ್ರತಿ ಘಟನೆಯನ್ನು ಗಮನಿಸುತ್ತಲೇ ಇರುತ್ತದೆ. ಚಲನೆ ಟಚ್ ಸ್ಲಾಪ್ ಮೀರಿದಾಗ ಅದು ಸ್ಪರ್ಶವನ್ನು ಕಿತ್ತುಕೊಳ್ಳಬಹುದು. ಆಗ ಒಳ ವ್ಯೂಗೆ ಕ್ಯಾನ್ಸಲ್ ಘಟನೆ ಬರುತ್ತದೆ. ಅಪ್ ಘಟನೆಯನ್ನು ಮಾತ್ರ ನಿರ್ವಹಿಸಿ ಕ್ಯಾನ್ಸಲ್ ಅನ್ನು ಮರೆತ ಅಪ್ಲಿಕೇಶನ್‌ಗಳಲ್ಲಿ ಗುಂಡಿಯು ಒತ್ತಿದ ಬಣ್ಣದಲ್ಲಿಯೇ ಉಳಿದುಬಿಡುವುದನ್ನು ಕಾಣಬಹುದು. ಹೀಗೆ ಕಿತ್ತುಕೊಂಡ ಸ್ಪರ್ಶವು ಬೆರಳನ್ನು ಎತ್ತುವವರೆಗೆ ಒಳ ವ್ಯೂಗೆ ಮರಳುವುದಿಲ್ಲ.

ಒಳ ವ್ಯೂಗೂ ಒಂದು ರಕ್ಷಣೆಯಿದೆ. ‘ರಿಕ್ವೆಸ್ಟ್ ಡಿಸ್‌ಅಲೋ ಇಂಟರ್‌ಸೆಪ್ಟ್ ಟಚ್ ಇವೆಂಟ್’ ಎಂಬ ವಿಧಾನದಿಂದ ತನ್ನ ಮೇಲಿನ ಎಲ್ಲ ವ್ಯೂಗಳಿಗೂ ‘ತಡೆಯಬೇಡಿ’ ಎಂದು ಅದು ಕೋರಬಹುದು. ಈ ಕೋರಿಕೆ ಒಂದು ಸ್ಪರ್ಶಕ್ಕೆ ಮಾತ್ರ ಸೀಮಿತ. ಮುಂದಿನ ಡೌನ್ ಘಟನೆಯೊಂದಿಗೆ ಅಳಿಸಿಹೋಗುತ್ತದೆ. ಹೊರ ವ್ಯೂ ಡೌನ್ ಘಟನೆಯನ್ನೇ ತಡೆದಿದ್ದರೆ ಕೋರಿಕೆ ಸಲ್ಲಿಸುವ ಸಂದರ್ಭವೇ ಒದಗುವುದಿಲ್ಲ. ನಕ್ಷೆ ಸರಿಯಾಗಿ ಸರಿಯುತ್ತಿಲ್ಲವೆಂಬ ದೂರಿಗೆ ಈ ಕೋರಿಕೆಯನ್ನು ಸದಾ ಸಲ್ಲಿಸುವುದೇ ಉತ್ತರವೆಂದು ಅನೇಕರು ಭಾವಿಸುತ್ತಾರೆ. ಆದರೆ ಪರದೆಯ ಬಹುಭಾಗವನ್ನು ನಕ್ಷೆಯೇ ಆಕ್ರಮಿಸಿದ್ದಾಗ ಇದು ರೋಗಕ್ಕಿಂತ ಕೆಟ್ಟ ಮದ್ದು: ಎಲ್ಲಿ ಬೆರಳಿಟ್ಟರೂ ನಕ್ಷೆಯೇ ಸರಿಯುತ್ತದೆ, ಪುಟ ಅಲುಗುವುದಿಲ್ಲ. ಒಳ ವ್ಯೂ ಆ ದಿಕ್ಕಿನಲ್ಲಿ ಇನ್ನೂ ಸರಿಯಬಲ್ಲುದೇ ಎಂಬುದನ್ನು ಪರಿಶೀಲಿಸಿ, ಸರಿಯಬಲ್ಲುದಾದರೆ ಮಾತ್ರ ಕೋರಿಕೆ ಸಲ್ಲಿಸುವುದು ಉತ್ತಮ. ಒಂದೇ ದಿಕ್ಕಿನ ಪಟ್ಟಿಯನ್ನು ‘ವ್ಯೂಪೇಜರ್2’ ಒಳಗೆ ಇಡುವಾಗಲೂ ಇದೇ ಕ್ರಮ ಬೇಕಾಗುತ್ತದೆ. ಎಲ್ಲ ದಿಕ್ಕಿಗೂ ಸರಿಯುವ ನಕ್ಷೆಗೆ ಅಂಚೇ ಇಲ್ಲವಾದ್ದರಿಂದ ಅಲ್ಲಿ ಈ ಉಪಾಯವೂ ಸಾಲದು.

ಚಲನೆಯ ಹಂಚಿಕೆ

ಮೇಲಿನ ಪದ್ಧತಿಯಲ್ಲಿ ಸ್ಪರ್ಶವು ಪೂರ್ತಿಯಾಗಿ ಒಬ್ಬರದು ಅಥವಾ ಇನ್ನೊಬ್ಬರದು. 2014ರಲ್ಲಿ ಆಂಡ್ರಾಯ್ಡ್ 5.0 ಆವೃತ್ತಿಯೊಂದಿಗೆ ಬಂದ ನೆಸ್ಟೆಡ್ ಸ್ಕ್ರೋಲಿಂಗ್ ವ್ಯವಸ್ಥೆಯು ಸ್ಪರ್ಶವನ್ನು ಒಳ ವ್ಯೂ ಬಳಿಯೇ ಉಳಿಸಿ, ಚಲಿಸಿದ ದೂರವನ್ನು ಮಾತ್ರ ಹಂಚುತ್ತದೆ. ಒಳ ವ್ಯೂ ತಾನು ಸರಿಯುವ ಮೊದಲು ಹೊರ ವ್ಯೂ ಅನ್ನು ಕೇಳುತ್ತದೆ. ಅದು ಬಳಸಿ ಉಳಿದುದನ್ನು ತಾನು ಬಳಸುತ್ತದೆ. ಆಮೇಲೂ ಮಿಕ್ಕದ್ದನ್ನು ಮತ್ತೆ ಹೊರ ವ್ಯೂಗೆ ಒಪ್ಪಿಸುತ್ತದೆ. ಬೆರಳು 100 ಪಿಕ್ಸೆಲ್ ಮೇಲಕ್ಕೆ ಚಲಿಸಿದೆ ಎನ್ನೋಣ. ಪುಟದ ಶಿರೋಭಾಗ ಮಡಚಿಕೊಳ್ಳಲು ಇನ್ನು 30 ಪಿಕ್ಸೆಲ್ ಬಾಕಿಯಿದ್ದರೆ ಮೊದಲು ಅದು 30 ಪಡೆಯುತ್ತದೆ. ಉಳಿದ 70ರಲ್ಲಿ ಪಟ್ಟಿ ತನ್ನ ಕೊನೆಯವರೆಗೆ 50 ಸರಿದರೆ, ಮಿಕ್ಕ 20 ಹೊರ ವ್ಯೂಗೆ ಸಲ್ಲುತ್ತದೆ. ಕ್ಯಾನ್ಸಲ್ ಘಟನೆಯಿಲ್ಲದೆ, ಬೆರಳನ್ನು ಎತ್ತದೆ ಇದೆಲ್ಲವೂ ನಡೆಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಹೊರ ವ್ಯೂ ಸರಿದಾಗ ಒಳ ವ್ಯೂ ಕೂಡ ಪರದೆಯ ಮೇಲೆ ಜಾಗ ಬದಲಿಸುತ್ತದೆ. ಬೆರಳಿನ ಸ್ಥಾನವನ್ನು ಒಳ ವ್ಯೂ ತನ್ನ ಮೂಲೆಯಿಂದ ಅಳೆಯುವುದರಿಂದ, ಈ ಬದಲಾವಣೆಯನ್ನು ಕಳೆಯದಿದ್ದರೆ ಮುಂದಿನ ಲೆಕ್ಕ ತಪ್ಪಿ ಪಟ್ಟಿ ನಡುಗಲಾರಂಭಿಸುತ್ತದೆ. ಸ್ವಂತ ವ್ಯೂ ರಚಿಸುವವರು ಎದುರಿಸುವ ನಡುಕದ ದೋಷಕ್ಕೆ ಇದು ಪ್ರಮುಖ ಕಾರಣಗಳಲ್ಲಿ ಒಂದು.

ಬೆರಳನ್ನು ವೇಗವಾಗಿ ಜಾಡಿಸಿ ಎತ್ತಿದಾಗ ಪಟ್ಟಿಯು ತಾನಾಗಿಯೇ ಓಡುತ್ತದೆ. ಇದನ್ನು ಫ್ಲಿಂಗ್ ಎನ್ನುತ್ತಾರೆ. ಮೊದಲ ವ್ಯವಸ್ಥೆಯಲ್ಲಿ ಈ ವೇಗವನ್ನು ಪಾಲು ಮಾಡಲು ಬರುತ್ತಿರಲಿಲ್ಲ. ಹೀಗಾಗಿ ಪಟ್ಟಿ ತುದಿಗೆ ಬಂದು ಥಟ್ಟನೆ ನಿಂತು, ಶಿರೋಭಾಗ ಮುಚ್ಚಿಕೊಂಡೇ ಇರುತ್ತಿತ್ತು. 2017ರಲ್ಲಿ ಬೆಂಬಲ ಲೈಬ್ರರಿಗೆ ಸೇರಿದ ಎರಡನೆಯ ಆವೃತ್ತಿಯು ಫ್ಲಿಂಗ್‌ನ ದೂರವನ್ನೂ ಬೆರಳಿನ ದೂರದಂತೆಯೇ ಹಂಚಲು ಅವಕಾಶ ನೀಡಿತು. ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿಯೂ ಸರಿಯುವ ಮೊದಲು ಹಾಗೂ ಸರಿದ ನಂತರ ಕೇಳುವ ಇದೇ ಕ್ರಮವಿದೆ.

ಉದ್ದನೆಯ ‘ರಿಸೈಕ್ಲರ್‌ವ್ಯೂ’ ಪಟ್ಟಿಯನ್ನು ಅದರ ಪೂರ್ಣ ಎತ್ತರದೊಂದಿಗೆ ‘ನೆಸ್ಟೆಡ್‌ಸ್ಕ್ರೋಲ್‌ವ್ಯೂ’ ಒಳಗಿಡುವುದು ಬಹಳ ಪ್ರಚಲಿತವಾದ ರೂಢಿ. ಆಗ ಪರದೆಯಲ್ಲಿ ಕಾಣದ ಸಾಲುಗಳೂ ಒಮ್ಮೆಗೇ ರಚನೆಯಾಗಿ, ಸಾಲುಗಳನ್ನು ಮರುಬಳಸುವ ಪಟ್ಟಿಯ ಮೂಲ ಉದ್ದೇಶವೇ ವಿಫಲವಾಗುತ್ತದೆ. ಕಡಿಮೆ ಸ್ಮೃತಿಯ ಫೋನ್‌ಗಳಲ್ಲಿ ಇದರ ಪರಿಣಾಮ ಎದ್ದು ಕಾಣುತ್ತದೆ. ಶಿರೋಭಾಗವನ್ನೂ ಪಟ್ಟಿಯದೇ ಒಂದು ಸಾಲನ್ನಾಗಿಸಿ ಒಂದೇ ಸ್ಕ್ರೋಲ್ ಉಳಿಸಿಕೊಳ್ಳುವುದು ಮೇಲು.

ಐಓಎಸ್‌ನಲ್ಲಿ

ಐಓಎಸ್‌ನಲ್ಲಿ ಸ್ಪರ್ಶ ಬಿದ್ದ ಅತ್ಯಂತ ಒಳಗಿನ ವ್ಯೂ ಅನ್ನು ಮೊದಲು ಹುಡುಕಲಾಗುತ್ತದೆ. ಆ ವ್ಯೂ ಜೊತೆಗೆ ಅದರ ಹೊರ ವ್ಯೂಗಳಿಗೆ ಜೋಡಿಸಿದ ಚಲನೆ ಗುರುತಿಸುವ ಘಟಕಗಳೂ ಅದೇ ಸ್ಪರ್ಶವನ್ನು ಗಮನಿಸುತ್ತವೆ. ಯಾವುದಾದರೊಂದು ಘಟಕ ಎಳೆತವನ್ನು ಗುರುತಿಸಿದಾಗ ಸಾಮಾನ್ಯವಾಗಿ ಉಳಿದವು ಹಿಂದೆ ಸರಿಯುತ್ತವೆ. ಎರಡೂ ಒಟ್ಟಿಗೆ ಕೆಲಸ ಮಾಡಲು ಡೆಲಿಗೇಟ್ ಮೂಲಕ ಅನುಮತಿಸಬಹುದು; ಆದರೆ ಆಗ ಎರಡು ವ್ಯೂಗಳೂ ಏಕಕಾಲಕ್ಕೆ ಸರಿಯುವುದರಿಂದ, ಸರದಿ ಬಾರದ ವ್ಯೂ ಅನ್ನು ಅದರ ಸ್ಥಾನದಲ್ಲೇ ಹಿಡಿದಿಡುವ ಹೊಣೆ ಅಪ್ಲಿಕೇಶನ್‌ನದಾಗುತ್ತದೆ. ‘ಯುಐಸ್ಕ್ರೋಲ್‌ವ್ಯೂ’ ಒಳಗಿನ ಗುಂಡಿಯಂತಹ ನಿಯಂತ್ರಕದ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಇಟ್ಟು ನಂತರ ಎಳೆದರೆ, ಪೂರ್ವನಿಯೋಜಿತ ವರ್ತನೆಯಲ್ಲಿ ಸ್ಕ್ರೋಲ್ ಆಗುವುದಿಲ್ಲ. ಗುಂಡಿಗಳಿಂದಲೇ ತುಂಬಿದ ಪುಟಗಳಲ್ಲಿ ಇದನ್ನು ಬದಲಿಸಿಕೊಳ್ಳಬೇಕಾಗುತ್ತದೆ.

ಜಾಲಪುಟಗಳಲ್ಲಿ

ಬ್ರೌಸರ್‌ಗಳಲ್ಲಿ ಒಳಗಿನ ಪೆಟ್ಟಿಗೆ ಅಂಚಿಗೆ ಬಂದ ಮೇಲೆ ಸ್ಕ್ರೋಲ್ ಹೊರಗಿನ ಪುಟಕ್ಕೆ ದಾಟುತ್ತದೆ. ಇದನ್ನು ತಡೆಯಲು ಸಿಎಸ್‌ಎಸ್‌ನ ‘ಓವರ್‌ಸ್ಕ್ರೋಲ್-ಬಿಹೇವಿಯರ್’ ಗುಣವನ್ನು ಬಳಸುತ್ತಾರೆ; ಇದು ಕ್ರೋಮ್‌ಗೆ 2017ರಲ್ಲಿ, ಸಫಾರಿಗೆ 2022ರಲ್ಲಿ ಬಂದಿತು. ಯಾವ ದಿಕ್ಕಿನ ಚಲನೆಯನ್ನು ಬ್ರೌಸರ್ ನಿರ್ವಹಿಸಬೇಕೆಂಬುದನ್ನು ‘ಟಚ್-ಆಕ್ಷನ್’ ಗುಣ ಮೊದಲೇ ತಿಳಿಸುತ್ತದೆ.

ಸುಲಭಲಭ್ಯತೆ

ಕೈ ನಡುಗುವವರಿಗೆ, ವೃದ್ಧರಿಗೆ ಮತ್ತು ಪರದೆ ಓದುಗ ತಂತ್ರಾಂಶ ಬಳಸುವವರಿಗೆ ನೆಸ್ಟೆಡ್ ಸ್ಕ್ರೋಲಿಂಗ್‌ನ ದೋಷಗಳು ಹೆಚ್ಚು ತೊಡಕಾಗುತ್ತವೆ. ಟಾಕ್‌ಬ್ಯಾಕ್ ಚಾಲನೆಯಲ್ಲಿರುವಾಗ ಒಂದು ಬೆರಳಿನ ಚಲನೆ ವಸ್ತುಗಳನ್ನು ಹುಡುಕಲು ಮೀಸಲಾಗಿದ್ದು, ಸ್ಕ್ರೋಲ್ ಮಾಡಲು ಎರಡು ಬೆರಳು ಬೇಕಾಗುತ್ತದೆ. ಕೇವಲ ಸ್ಪರ್ಶ ಘಟನೆಗಳನ್ನು ನಂಬಿ ರಚಿಸಿದ ವ್ಯೂ ತಾನು ಮುಂದಕ್ಕೂ ಹಿಂದಕ್ಕೂ ಸರಿಯಬಲ್ಲೆನೆಂಬುದನ್ನು ಪ್ರತ್ಯೇಕವಾಗಿ ಘೋಷಿಸದಿದ್ದರೆ, ಅದರಲ್ಲಿ ಸ್ಕ್ರೋಲ್ ಇದೆಯೆಂಬುದು ಪರದೆ ಓದುಗಕ್ಕೆ ತಿಳಿಯದು. ನಕ್ಷೆಗಳ ವಿಷಯದಲ್ಲಿ ಜಾಲಪುಟಗಳ ಗೂಗಲ್ ನಕ್ಷೆಗೆ ‘ಕೋಆಪರೇಟಿವ್’ ಎಂಬ ಆಯ್ಕೆಯಿದೆ: ಒಂದು ಬೆರಳಿಗೆ ಪುಟ ಸರಿಯುತ್ತದೆ, ಎರಡು ಬೆರಳಿಗೆ ನಕ್ಷೆ. ಸ್ಥಳವನ್ನು ತೋರಿಸುವುದಷ್ಟೇ ಉದ್ದೇಶವಾಗಿದ್ದಲ್ಲಿ, ಬೆರಳಿಗೆ ಸರಿಯದ ಚಿತ್ರರೂಪದ ನಕ್ಷೆಯನ್ನು ನೀಡುವ ‘ಲೈಟ್ ಮೋಡ್’ ಆಂಡ್ರಾಯ್ಡ್‌ನಲ್ಲಿ ಲಭ್ಯವಿದೆ.