ಮೂರು ವರ್ಷ, ಅರವತ್ತು ಕೋರ್ಸು

ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಮಗೆ ‘ಎಲೆಕ್ಟಿವ್’ ಅಂತ ಇತ್ತು. ನಾಲ್ಕು ವರ್ಷದಲ್ಲಿ ನಾವಾಗಿಯೇ ಆರಿಸಿಕೊಳ್ಳಬಹುದಾಗಿದ್ದ ಬೆರಳೆಣಿಕೆಯ ವಿಷಯಗಳಲ್ಲಿ ಅದೂ ಒಂದು. ಹೇಗೆ ಆರಿಸಿಕೊಂಡೆವು ಅಂತೀರಾ? ಯಾವುದಕ್ಕೆ ಸೀನಿಯರ್‌ಗಳ ನೋಟ್ಸ್ ಜೆರಾಕ್ಸ್ ಸಿಗುತ್ತೆ, ಯಾವ ಮೇಷ್ಟ್ರು ಅಟೆಂಡೆನ್ಸ್ ವಿಷಯದಲ್ಲಿ ಕರುಣಾಮಯಿ... ಇಷ್ಟೇ ಲೆಕ್ಕಾಚಾರ. ವಿಷಯ ಏನು ಅನ್ನೋದು ಪರೀಕ್ಷೆಯ ಹಿಂದಿನ ರಾತ್ರಿ ಗೊತ್ತಾಯಿತು :) ಈಗ ಕೆಲಸಕ್ಕೆ ಸೇರಿದ ಮೇಲೂ ಅಷ್ಟೇ. ಆನ್‌ಲೈನ್ ಕೋರ್ಸುಗಳಿಗೆ ಭಾರೀ ಉತ್ಸಾಹದಿಂದ ಹೆಸರು ಕೊಡುತ್ತೇನೆ. ಎರಡನೇ ವಾರಕ್ಕೆ ಎಲ್ಲ ಠುಸ್.

ಹೀಗಿರುವಾಗ ಮೊನ್ನೆ ಡಾ. ಅಂಬೇಡ್ಕರ್ ಅವರ ವಿದ್ಯಾರ್ಥಿ ಜೀವನದ ಬಗ್ಗೆ ಓದುತ್ತಾ ಒಂದು ಪಟ್ಟಿ ಕಣ್ಣಿಗೆ ಬಿತ್ತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1913ರಿಂದ 1916ರವರೆಗೆ ಅವರು ತೆಗೆದುಕೊಂಡ ಕೋರ್ಸುಗಳ ಪಟ್ಟಿ ಅದು. ಅರ್ಥಶಾಸ್ತ್ರದಲ್ಲಿ 29, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜ್ಯಶಾಸ್ತ್ರದಲ್ಲಿ 3, ಜೊತೆಗೆ ಆರಂಭಿಕ ಫ್ರೆಂಚ್ ಮತ್ತು ಜರ್ಮನ್ ಒಂದೊಂದು. ಕೂಡಿಸಿ ನೋಡಿದೆ, ಸರಿಯಾಗಿ 60! ಮೂರು ವರ್ಷದಲ್ಲಿ!

ಈ ಹಸಿವು ಎಲ್ಲಿಂದ ಬಂತು? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಾತಾರಾದ ಶಾಲೆಯಲ್ಲಿ ಹುಡುಗ ಭೀಮರಾವ್ ಕೂರಬೇಕಿದ್ದದ್ದು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ. ಬಾಯಾರಿದರೆ ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ನಲ್ಲಿ ತಿರುಗಿಸಬೇಕು, ಜವಾನ ಇಲ್ಲದ ದಿನ ನೀರೂ ಇಲ್ಲ. ಮುಂದೆ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯುವ ಆಸೆ ಇತ್ತು. ಅಸ್ಪೃಶ್ಯರ ಮಗ ಅನ್ನುವ ಕಾರಣಕ್ಕೆ ಅದು ಸಿಗಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಸಂಸ್ಕೃತವನ್ನು ಅವರು ಆಮೇಲೆ ಸ್ವಂತ ಶ್ರಮದಿಂದ ಕಲಿತರು, ಆ ಮಾತು ಬೇರೆ. ಆದರೆ ‘ಈ ವಿಷಯ ನಿನಗಲ್ಲ’ ಅನ್ನಿಸಿಕೊಂಡ ಹುಡುಗನಿಗೆ ಒಂದು ದಿನ ಇಡೀ ವಿಶ್ವವಿದ್ಯಾಲಯದ ಬಾಗಿಲು ತೆರೆದರೆ ಏನಾಗುತ್ತೆ ಅಂತ ಯೋಚಿಸಿ.

ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದರು. 1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಬರೋಡಾದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಸ್ಕಾಲರ್‌ಶಿಪ್ ಸಿಕ್ಕಿತು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ವಾಪಸ್ ಬಂದು ಹತ್ತು ವರ್ಷ ಸಂಸ್ಥಾನದ ಕೆಲಸ ಮಾಡಬೇಕು ಅನ್ನುವ ಕರಾರು. ಅಂದರೆ ನಮ್ಮ ಭಾಷೆಯಲ್ಲಿ ಬಾಂಡ್! ಜುಲೈ ಹೊತ್ತಿಗೆ ನ್ಯೂಯಾರ್ಕ್ ತಲುಪಿದಾಗ ಅವರಿಗೆ 22 ವರ್ಷ.

ಅಲ್ಲಿ ಯಾರೂ ಜಾತಿ ಕೇಳಲಿಲ್ಲ. ಹಾಸ್ಟೆಲಿನಲ್ಲಿ ಜೊತೆಗಿದ್ದವನು ನವಲ್ ಭಥೇನಾ ಎಂಬ ಪಾರ್ಸಿ ಗೆಳೆಯ, ಆ ಸ್ನೇಹ ಕೊನೆಯವರೆಗೂ ಉಳಿಯಿತು. ಮೇಷ್ಟ್ರುಗಳೋ, ಒಬ್ಬರಿಗಿಂತ ಒಬ್ಬರು ಘಟಾನುಘಟಿಗಳು. ಅರ್ಥಶಾಸ್ತ್ರಕ್ಕೆ ಎಡ್ವಿನ್ ಸೆಲಿಗ್ಮನ್, ತತ್ವಶಾಸ್ತ್ರಕ್ಕೆ ಜಾನ್ ಡ್ಯೂಯಿ, ಇತಿಹಾಸಕ್ಕೆ ಜೇಮ್ಸ್ ಶಾಟ್‌ವೆಲ್ ಮತ್ತು ಜೇಮ್ಸ್ ಹಾರ್ವಿ ರಾಬಿನ್‌ಸನ್. 1915ರಲ್ಲಿ ಎಂ.ಎ. ಆಯಿತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಮೇಲೆ ಪ್ರಬಂಧ.

ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದು. ಇವರ ಮುಖ್ಯ ವಿಷಯ ಅರ್ಥಶಾಸ್ತ್ರ ತಾನೇ? ಆದರೆ ಆ ಮೂರು ವರ್ಷಗಳ ಬರಹಗಳಲ್ಲಿ ಜನ ಇವತ್ತಿಗೂ ಹೆಚ್ಚು ಓದುವ ಬರಹ ಹುಟ್ಟಿದ್ದು ಆ 29 ಕೋರ್ಸುಗಳಿಂದಲ್ಲ. 1916ರ ಮೇ 9ರಂದು ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ ‘ಭಾರತದಲ್ಲಿ ಜಾತಿಗಳು’ ಎಂಬ ಪ್ರಬಂಧ ಓದಿದರು. ಜಾತಿಯ ಬೇರು ಇರುವುದು ತಮ್ಮತಮ್ಮೊಳಗೇ ಮದುವೆ ಮಾಡಿಕೊಳ್ಳುವ ಪದ್ಧತಿಯಲ್ಲಿ, ಮೇಲಿನವರನ್ನು ನೋಡಿ ಕೆಳಗಿನವರು ಅನುಕರಿಸುತ್ತಾ ಅದು ಹಬ್ಬಿತು ಅನ್ನುವುದು ಅದರ ವಾದ. ಈ ಅನುಕರಣೆಯ ಮಾತಿಗೆ ಅವರು ಆಧಾರ ತೆಗೆದುಕೊಂಡಿದ್ದು ಫ್ರಾನ್ಸಿನ ಗೇಬ್ರಿಯಲ್ ತಾರ್ದ್ ಎಂಬ ಸಮಾಜಶಾಸ್ತ್ರಜ್ಞನಿಂದ. ಬರೆದವರಿಗೆ ಆಗ 25 ವರ್ಷ. ನನಗೀಗ 28... ಇರಲಿ ಬಿಡಿ.

‘ಸಿಲಬಸ್ಸಿನಲ್ಲಿ ಇಲ್ಲ, ಯಾಕೆ ಓದಬೇಕು’ ಅಂತ ಅವರೂ ಕೂತಿದ್ದರೆ ಆ ಪ್ರಬಂಧ ಎಲ್ಲಿರುತ್ತಿತ್ತು?

ಮುಂದಿನ ಕಥೆ ಮಾತ್ರ ಓದೋಕೆ ಕಷ್ಟ. 1916ರಲ್ಲಿ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರವನ್ನೂ ಕಾನೂನನ್ನೂ ಶುರು ಮಾಡಿದರು. ಸ್ಕಾಲರ್‌ಶಿಪ್ ಅವಧಿ ಮುಗಿದು 1917ರಲ್ಲಿ ಅರ್ಧಕ್ಕೇ ವಾಪಸ್ ಬರಬೇಕಾಯಿತು. ಬೇರೆ ಹಡಗಿನಲ್ಲಿ ಕಳಿಸಿದ್ದ ಪುಸ್ತಕಗಳು ಯುದ್ಧದಲ್ಲಿ ಹಡಗಿನ ಜೊತೆಗೇ ಮುಳುಗಿದವು. ಬಾಂಡ್ ಪ್ರಕಾರ ಬರೋಡಾಕ್ಕೆ ಹೋದರೆ, ಅರವತ್ತು ಕೋರ್ಸು ಓದಿದ ಮನುಷ್ಯನಿಗೆ ಆ ಊರಿನಲ್ಲಿ ಇರೋಕೆ ಒಂದು ಕೋಣೆ ಸಿಗಲಿಲ್ಲ. ಹೆಸರು ಬದಲಿಸಿಕೊಂಡು ಪಾರ್ಸಿಗಳ ಛತ್ರದಲ್ಲಿ ಉಳಿದರು. ಹನ್ನೊಂದನೇ ದಿನ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರಿಶ್ಚಿಯನ್ ಗೆಳೆಯ, ಇಬ್ಬರೂ ಜಾಗ ಕೊಡಲಾಗದೆ ಕೈಚೆಲ್ಲಿದರು. ಕಾಮಾಠಿ ಬಾಗ್ ಎಂಬ ಪಾರ್ಕಿನಲ್ಲಿ ಗಂಟೆಗಟ್ಟಲೆ ಕೂತು, ರಾತ್ರಿ ರೈಲು ಹಿಡಿದು ಮುಂಬಯಿಗೆ ಹಿಂತಿರುಗಿದರು. ಇದನ್ನು ಅವರೇ ಬರೆದಿಟ್ಟಿದ್ದಾರೆ. ಓದಿದ ದಿನ ನನಗೆ ಆಫೀಸಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಓದಿನ ಉತ್ಸಾಹ ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ದುಡ್ಡು ಉಳಿಸಿದರು, ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು, ಅದೇ ಗೆಳೆಯ ಭಥೇನಾ ಸಾಲ ಕೊಟ್ಟ. 1920ರಲ್ಲಿ ಮತ್ತೆ ಲಂಡನ್. ಬಿಟ್ಟು ಬಂದಿದ್ದನ್ನು ಮುಗಿಸಿದರು: 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಡಿ.ಎಸ್ಸಿ. ಕೊಲಂಬಿಯಾದ ಪಿಎಚ್.ಡಿ. ಕೈಗೆ ಬಂದಿದ್ದು 1927ರಲ್ಲಿ.

1952ರ ಜೂನ್ 5ರಂದು ಅದೇ ಕೊಲಂಬಿಯಾ ಕರೆದು ಗೌರವ ಡಾಕ್ಟರೇಟ್ ಕೊಟ್ಟಿತು. ಮೆಚ್ಚಿನ ಗುರು ಡ್ಯೂಯಿಯನ್ನು ಆಗ ನೋಡಲಾಗಲಿಲ್ಲ. ನಾಲ್ಕೇ ದಿನದ ಹಿಂದೆ, ಜೂನ್ 1ರಂದು ಅವರು ತೀರಿಕೊಂಡಿದ್ದರು.

ನಮಗೆ ಕ್ಲಾಸು ಅಂದರೆ ತಪ್ಪಿಸಿಕೊಳ್ಳಬೇಕಾದ ವಸ್ತು. ಯಾರೂ ನಮಗೆ ಇಲ್ಲ ಅಂದಿರಲಿಲ್ಲವಲ್ಲ, ಅದಕ್ಕೇ ಇರಬೇಕು. ನಿನ್ನೆ ರಾತ್ರಿ ಅರ್ಧಕ್ಕೆ ಬಿಟ್ಟಿದ್ದ ಒಂದು ಕೋರ್ಸನ್ನು ಮತ್ತೆ ತೆರೆದು ಕೂತೆ. ಅರವತ್ತು ಬೇಡ ಮಾರಾಯ್ರೇ, ಒಂದಾದರೂ ಮುಗಿಯಲಿ. ಅಂದ ಹಾಗೆ, ನಿಮ್ಮ ಎಲೆಕ್ಟಿವ್ ಯಾವುದಿತ್ತು? ಹೇಗೆ ಆರಿಸಿಕೊಂಡಿರಿ? ನಿಜ ಹೇಳಿ :)