ರಿಯಾಲಿಟಿ ಷೋಗಳಲ್ಲಿ ಪರಿಸರಾಂತರಿತ ಸ್ತ್ರೀಯ ಚಿತ್ರಣ

ಪೂರ್ವಲಿಖಿತ ಕಥೆಯ ಪಾತ್ರಧಾರಿಗಳಿಗೆ ಬದಲಾಗಿ ಸಾಮಾನ್ಯರನ್ನೋ ಪ್ರಸಿದ್ಧರನ್ನೋ ಕಲ್ಪಿತ ಸನ್ನಿವೇಶವೊಂದರಲ್ಲಿರಿಸಿ, ಅವರ ನಡೆನುಡಿಗಳನ್ನು ಹಗಲಿರುಳೂ ಚಿತ್ರೀಕರಿಸಿ, ಅದರೊಳಗಿಂದ ಆಯ್ದ ಅಲ್ಪಭಾಗವನ್ನು ಜೋಡಿಸಿ ತೋರಿಸುವ ಟಿ.ವಿ. ಪ್ರಕಾರಕ್ಕೆ ರಿಯಾಲಿಟಿ ಷೋ ಎಂದು ಹೆಸರು. ಹೆಣ್ಣನ್ನು ಅವಳು ಹುಟ್ಟಿ ಬೆಳೆದ ಪರಿಸರದಿಂದ ಬಿಡಿಸಿ ತಂದು, ಅರಿಯದ ಆಚಾರವ್ಯವಹಾರಗಳ ನಡುವೆ ನಿಲ್ಲಿಸಿ, ಅವಳ ತಡವರಿಕೆಯನ್ನೇ ವಿನೋದವಾಗಿಸುವುದು ಇದರ ಒಂದು ಕವಲು. ಶ್ರೀಮಂತ ಮನೆತನಗಳ ಇಬ್ಬರು ತರುಣಿಯರನ್ನು ಅರ್ಕನ್ಸಾ ಸೀಮೆಯ ರೈತ ಕುಟುಂಬವೊಂದರಲ್ಲಿರಿಸಿದ ಅಮೆರಿಕದ ‘ದಿ ಸಿಂಪಲ್ ಲೈಫ್’ 2003ರಲ್ಲಿ ಪ್ರಸಾರವಾಯಿತು.

ಕನ್ನಡದಲ್ಲಿ ಈ ಮಾದರಿ ಬೇರೂರಿದ್ದು 2010ರಲ್ಲಿ, ಸುವರ್ಣ ವಾಹಿನಿಯಲ್ಲಿ ಅಕುಲ್ ಬಾಲಾಜಿ ನಡೆಸಿಕೊಟ್ಟ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ಕಾರ್ಯಕ್ರಮದಿಂದ. ನಗರದ ಯುವತಿಯರು ಹಳ್ಳಿಯಲ್ಲಿದ್ದು ಹಾಲು ಕರೆಯುವುದು, ಸಗಣಿ ಬಾಚುವುದು, ನೀರು ಹೊರುವುದು ಮೊದಲಾದವುಗಳಲ್ಲಿ ಸ್ಪರ್ಧಿಸುತ್ತಿದ್ದರು. ತರುವಾಯ ಬಂದ ‘ಹಳ್ಳಿ ಹೈದ ಪ್ಯಾಟೆಗ್ ಬಂದ’ ಹಳ್ಳಿಯ ಹುಡುಗರನ್ನು ಪಟ್ಟಣಕ್ಕೆ ತಂದು ಪಟ್ಟಣದ ಹುಡುಗಿಯರೊಡನೆ ಜೊತೆಗೂಡಿಸಿತು. ಈ ಎರಡು ಶೀರ್ಷಿಕೆಗಳನ್ನು ಒಟ್ಟಿಗೆ ಇರಿಸಿ ಓದಿದವರಿಗೆ ಒಂದು ಕೊರತೆ ತಾನಾಗಿಯೇ ಗೋಚರಿಸುತ್ತದೆ: ಪ್ಯಾಟೆಯ ಹುಡುಗಿಯಿದ್ದಾಳೆ, ಹಳ್ಳಿಯ ಹೈದನಿದ್ದಾನೆ, ಹಳ್ಳಿಯ ಹೆಣ್ಣಿಲ್ಲ.

ಪರದೇಶದಲ್ಲಿ ಕನ್ನಡನಾಡಿನ ಹೆಣ್ಣೊಬ್ಬಳು ಇಂಥದೇ ಪರೀಕ್ಷೆಗೆ ಗುರಿಯಾದ ಪ್ರಸಂಗವು ಜಗತ್ತಿಗೇ ತಿಳಿದುದು. ಮಂಗಳೂರು ಮೂಲದ ತುಳುಭಾಷಿಕ ಮನೆತನದ ನಟಿ ಶಿಲ್ಪಾ ಶೆಟ್ಟಿ 2007ರ ಜನವರಿಯಲ್ಲಿ ಬ್ರಿಟನ್ನಿನ ‘ಸೆಲೆಬ್ರಿಟಿ ಬಿಗ್ ಬ್ರದರ್’ ಮನೆಯನ್ನು ಹೊಕ್ಕಾಗ ಸಹಸ್ಪರ್ಧಿಗಳು ಆಕೆಯ ಉಚ್ಚಾರಣೆಯನ್ನು ಅಣಕಿಸಿದರು. ಆಕೆ ಕೈಯಿಂದ ಆಹಾರ ಮುಟ್ಟಿದ್ದಕ್ಕೆ ಹೇಸಿಕೆ ತೋರಿದರು. ಅವರಲ್ಲೊಬ್ಬಳಾದ ಜೇಡ್ ಗೂಡಿ ಎಂಬಾಕೆ ಸಾರಿನ ಮಸಾಲೆಯ ಒಂದು ಬಿಲ್ಲೆಯ ನೆಪದಲ್ಲಿ ತೆಗೆದ ಜಗಳ ಜನಾಂಗದ್ವೇಷದ ಮಾತಿಗೆ ಎಡೆಮಾಡಿತು. ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್‌ಗೆ 44,000ಕ್ಕೂ ಮಿಕ್ಕಿ ದೂರುಗಳು ಬಂದವು; ಆ ವಾರ ಬೆಂಗಳೂರಿಗೆ ಬಂದಿದ್ದ ಬ್ರಿಟನ್ನಿನ ಅರ್ಥಸಚಿವ ಗಾರ್ಡನ್ ಬ್ರೌನರು ಅದಕ್ಕೆ ಉತ್ತರ ಹೇಳಬೇಕಾಯಿತು. ಜನವರಿ 28ರಂದು ಪ್ರೇಕ್ಷಕರ ಮತದಿಂದ ಶಿಲ್ಪಾ ಗೆದ್ದರು.

ಅಲ್ಲಿ ಅನ್ನ ಮುಟ್ಟಿದ ಕೈ ಹಾಸ್ಯಕ್ಕೀಡಾಯಿತು, ಇಲ್ಲಿ ಸಗಣಿ ಮುಟ್ಟಲು ಹಿಂಜರಿದ ಕೈ. ಸಂಸ್ಕೃತಿ ಯಾವುದಾದರೇನು, ಹೆಣ್ಣನ್ನು ಅಳೆಯುವ ತಾಣ ಮಾತ್ರ ಒಲೆಯ ಮುಂದೆ, ಕೊಟ್ಟಿಗೆಯೊಳಗೆ.

ಇದರಿಂದ ಹೆಚ್ಚು ನಷ್ಟವಾದದ್ದು ಪಟ್ಟಣದ ಹುಡುಗಿಗಲ್ಲ, ಅವಳಿಗೆ ಕೆಲಸ ಕಲಿಸುವ ಹಳ್ಳಿಯ ಹೆಂಗಸಿಗೆ. ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯ ಆಸುಪಾಸು, ಹಿಪ್ಪುನೇರಳೆ ತೋಟಗಳ ನಡುವಣ ಒಂದು ಹುಳುಮನೆಯನ್ನು ನಿದರ್ಶನವಾಗಿ ನೋಡಬಹುದು. ರೇಷ್ಮೆಹುಳು ನಾಲ್ಕನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲೆ ಸುಮಾರು ಒಂದು ವಾರ ಹೊತ್ತುಹೊತ್ತಿಗೆ ಸೊಪ್ಪು ಬೇಡುತ್ತದೆ. ಅನಂತರ ಮೇಯುವುದನ್ನು ಬಿಟ್ಟು, ತಲೆಯೆತ್ತಿ, ಬೆಳಕು ಹಾಯುವಂತೆ ಮೈ ತಿಳಿಯಾದಾಗ ಅದು ‘ಹಣ್ಣಾಯಿತು’ ಎನ್ನುತ್ತಾರೆ. ಸಾವಿರಾರು ಹುಳುಗಳ ರಾಶಿಯಲ್ಲಿ ಹಣ್ಣಾದುದನ್ನು ಮಾತ್ರ, ನೋಯದಂತೆ, ಬೆರಳ ತುದಿಯಿಂದ ಆಯ್ದು, ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಗೆ ಬಿಡುವವಳು ಆ ಮನೆಯ ಹೆಂಗಸು. ಎಳೆಯದನ್ನು ಆಯ್ದರೆ ಗೂಡು ತೆಳುವಾಗುತ್ತದೆ. ತಡಮಾಡಿದರೆ ಹುಳು ಸೊಪ್ಪಿನ ಮೇಲೆಯೇ ನೂಲು ಉಗುಳಿ ರೇಷ್ಮೆ ಹಾಳಾಗುತ್ತದೆ. ವರ್ಷಾನುವರ್ಷದ ಅಭ್ಯಾಸದಿಂದ ಕಣ್ಣಿಗೂ ಬೆರಳಿಗೂ ಸಿದ್ಧಿಸಿದ ವಿದ್ಯೆಯಿದು. ಹುಳುವನ್ನು ಕಂಡು ಚೀರುವ ಪಟ್ಟಣದ ಹುಡುಗಿಯ ಮುಖ ಕ್ಯಾಮೆರಾಕ್ಕೆ ಒದಗಿಬರುವಷ್ಟು ಸುಲಭವಾಗಿ ಈ ವಿದ್ಯೆ ಒದಗಿಬರುವುದಿಲ್ಲ. ಆದಕಾರಣ ಪರದೆಯ ಮೇಲೆ ಅದು ವಿದ್ಯೆಯಾಗಿ ಕಾಣದೆ ಶಿಕ್ಷೆಯಾಗಿ ಕಾಣುತ್ತದೆ. ನಗರದಿಂದ ಬಂದವಳು ಸೋತರೆ ನಾಜೂಕಿನವಳು, ಗೆದ್ದರೆ ಗಟ್ಟಿಗಿತ್ತಿ. ಅವಳ ಪಕ್ಕದಲ್ಲಿ ಅದನ್ನೇ ದಿನವೂ ಮಾಡುವವಳಿಗೆ ಎರಡು ಬಿರುದೂ ಇಲ್ಲ.

ಸೀಮೆ ದಾಟುವ ಅನುಭವವೂ ಈ ಹೆಂಗಸರಿಗೆ ಹೊಸದಲ್ಲ. ಬೆಳಗಿನ ಬಸ್ಸಿಗೆ ಹೊಸಕೋಟೆಯ ಕಡೆಗೋ ಬೆಂಗಳೂರಿಗೋ ದುಡಿಯಹೋಗಿ, ಸಂಜೆಗೆ ಮರಳಿ ರಾಗಿಮುದ್ದೆ ತೊಳಸುವವಳು ದಿನಕ್ಕೆರಡು ಬಾರಿ ಒಂದು ಲೋಕದಿಂದ ಇನ್ನೊಂದಕ್ಕೆ ನಡೆಯುತ್ತಾಳೆ, ಬಹುಮಾನವಿಲ್ಲದೆ. ಇನ್ನು ಮುಂದೆ ಇಂಥ ಕಾರ್ಯಕ್ರಮ ಕಟ್ಟುವವರು ಕೆಲಸ ಕಲಿಸಿದ ತಾಯಿಯ ಹೆಸರನ್ನೂ, ಆ ಕೆಲಸದ ಮರ್ಮವನ್ನೂ ಅವಳ ಬಾಯಿಂದಲೇ, ಅವಳ ಸೀಮೆಯ ಮಾತಿನಲ್ಲಿಯೇ ಹೇಳಿಸಲಿ. ಅಷ್ಟು ಹೊತ್ತು ಸ್ಪರ್ಧೆ ನಿಂತರೂ ಚಿಂತೆಯಿಲ್ಲ.